ಅಕ್ಕ ನೋಡಲು ಬಂದದ್ದು

ನನ್ನ ಎಡ ಎದೆಯೊಳಗಿನ ಸಿಲಿಕಾನ್ ಚೀಲವನ್ನು ತೆಗೆಸುವುದೆಂದು ತೀರ್ಮಾನವಾಯಿತು. ಕ್ಯಾನ್ಸರ್ ಬಂದು ಮೊಲೆ ತೆಗೆದಾಗ ಹೈದರಾಬಾದಿನ ಆಸ್ಪತ್ರೆಯಲ್ಲೇ ಅದನ್ನು ಇಟ್ಟಿದ್ದರು. ಆಗ ನಾನು ಶಹಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸದಾಗಿ ಪಾಠ ಹೇಳುತ್ತಿದ್ದೆ. ಸೆರಗು ಹೊದ್ದು ಹಲಗೆಯ ಮುಂದೆ ನಿಂತರೆ ಯಾರಿಗೂ ಏನೂ ಗೊತ್ತಾಗಬಾರದು ಎನ್ನುವುದೊಂದೇ ನನ್ನ ಆಸೆ. ಗೊತ್ತಾಗಲೂ ಇಲ್ಲ. ಆದರೆ ವರ್ಷ ಕಳೆದಂತೆ ಅದು ಗಟ್ಟಿಯಾಗುತ್ತ, ಕೊರಳೆಲುಬಿನ ಕಡೆಗೆ ಏರುತ್ತ ಬಂತು. ಎಡಮಗ್ಗುಲಿಗೆ ಮಲಗುವುದು ನಿಂತುಹೋಯಿತು. ಕೈ ಎತ್ತಿ ಹಲಗೆಯ ಮೇಲಿನ ಸಾಲು ಬರೆಯುವಾಗ ಎದೆಯನ್ನು ಒಳಗಿನಿಂದ ಯಾರೋ ಹಿಡಿದು ಹಿಂಡಿದಂತಾಗುತ್ತಿತ್ತು.

ಚೀಲದ ಸುತ್ತ ಮೈ ತಾನೇ ಒಂದು ಪೊರೆ ಕಟ್ಟಿಕೊಳ್ಳುತ್ತದೆ, ಕ್ಯಾನ್ಸರಿಗೆ ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟ ಎದೆಯಲ್ಲಿ ಆ ಪೊರೆ ಬಿಗಿಯುವುದು ಹೆಚ್ಚು ಎಂದು ಹೈದರಾಬಾದಿನ ಡಾಕ್ಟರಮ್ಮ ಹೇಳಿದರು. ತೆಗೆದು ಹೊಸದನ್ನು ಇಡಬಹುದು, ಇಲ್ಲವೇ ತೆಗೆದು ಹಾಗೇ ಬಿಡಬಹುದು. ಹಾಗೇ ಬಿಟ್ಟರೆ ಎದೆ ಚಪ್ಪಟೆಯಾಗುತ್ತದೆ, ಸ್ವಲ್ಪ ಒಳಕ್ಕೂ ಹೋಗಬಹುದು, ಚರ್ಮ ನೆರಿಗೆ ಬೀಳುತ್ತದೆ, ಕನ್ನಡಿ ನೋಡಲು ಮನಸ್ಸು ತಯಾರಿರಬೇಕು ಎಂದರು. ನಾನು ತೆಗೆದುಬಿಡಿ ಎಂದೆ. ಕಾಲುವೆ ಆಫೀಸಿನಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಹೊರಗೆ ಬಂದ ಮೇಲೆ, ನಿನಗೆ ಹಗುರಾಗುವುದೇ ಮುಖ್ಯ ಎಂದಷ್ಟೇ ಹೇಳಿದರು.

ನನ್ನನ್ನು ನೋಡಿಕೊಳ್ಳಲು ಅಕ್ಕ ಬಂದಳು. ಅವಳು ನನಗಿಂತ ಬಹಳ ದೊಡ್ಡವಳು. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ತಾನು ಮಾತ್ರ ಶಾಲೆಯ ಕಟ್ಟೆ ಹತ್ತಲಿಲ್ಲ. ಸುರಪುರ ತಾಲೂಕಿನ ಕೆಂಭಾವಿ ಹತ್ತಿರದ ಹಳ್ಳಿಗೆ ಅವಳನ್ನು ಕೊಟ್ಟಾಗ ಅಲ್ಲಿ ಬರೀ ಜೋಳ, ತೊಗರಿ. ಕಾಲುವೆ ನೀರು ಬಂದ ಮೇಲೆ ಹೊಲವೆಲ್ಲ ಗದ್ದೆಯಾಯಿತು, ಅಕ್ಕ ಸಸಿ ನಾಟಿ ಮಾಡುವ ಹೆಂಗಸರ ಗುಂಪಿಗೆ ಮುಂದಾಳಾದಳು. ನಾಟಿಯ ದಿನಗಳಲ್ಲಿ ಅವಳು ಊರು ಬಿಟ್ಟು ಕದಲಿದವಳಲ್ಲ. ಈ ಸಲ ನಾಟಿ ನಡೆದಿರುವಾಗಲೇ ಸೀರೆಗಂಟು ಹಿಡಿದು ಬಂದು, ಇವಳ ಪಟ್ಟಿ ಬಿಚ್ಚುವ ತನಕ ಹೋಗುವುದಿಲ್ಲ ಎಂದಳು. ನನಗೆ ಅದು ಬರೀ ಪ್ರೀತಿಯಾಗಿ ಕಂಡಿತು.

ಆ ಚೀಲ ಗಟ್ಟಿಯಾಗಿದ್ದು ಅವಳಿಗೆ ಗೊತ್ತಿತ್ತು. ಹಿಂದಿನ ವರ್ಷ ದೀಪಾವಳಿಗೆ ನನ್ನ ಬೆನ್ನಿಗೆ ಎಣ್ಣೆ ಹಚ್ಚುವಾಗ ಅವಳ ಕೈ ಮುಂದಕ್ಕೆ ಜಾರಿ ಅದಕ್ಕೆ ತಗುಲಿತ್ತು. ಬೆಂಕಿ ಮುಟ್ಟಿದವಳಂತೆ ಕೈ ಎಳೆದುಕೊಂಡಿದ್ದಳು.

“ಇದೇನ ತಂಗಿ, ಕಲ್ಲಾಗ್ಯಾದಲ್ಲ?”

ನಾನು ನಕ್ಕು ಮಾತು ಹಾರಿಸಿದ್ದೆ.

ಹೈದರಾಬಾದಿನಲ್ಲಿ ಆಪರೇಷನ್ ಆಗಿ ಎಚ್ಚರವಾದಾಗ ಗಂಟಲು ಒಣಗಿತ್ತು, ಎದೆಗೆ ಅಗಲವಾದ ಬೆಲ್ಟು ಬಿಗಿದಿದ್ದರು. ಪಕ್ಕೆಯಿಂದ ಒಂದು ಸಣ್ಣ ನಳಿಗೆ ಹೊರಬಂದು ಬಾಟಲಿಗೆ ಸೇರಿತ್ತು. ನೋವು ನಾನು ಹೆದರಿದಷ್ಟು ಇರಲಿಲ್ಲ. ಅದಕ್ಕಿಂತ ಮೊದಲು ಅರಿವಿಗೆ ಬಂದದ್ದು ಉಸಿರು. ಎಷ್ಟೋ ವರ್ಷದ ಮೇಲೆ ಉಸಿರು ಪೂರ್ತಿ ಒಳಗೆ ಹೋಯಿತು. ಚೀಲದ ಜೊತೆ ಪೊರೆಯನ್ನೂ ಬಿಡಿಸಿ ತೆಗೆದಿದ್ದೇವೆ, ಅದನ್ನು ಪರೀಕ್ಷೆಗೆ ಕಳಿಸಿದ್ದೇವೆ ಎಂದರು. ಆಮೇಲೆ ಅದರಲ್ಲಿ ಕೆಟ್ಟದ್ದೇನೂ ಇಲ್ಲವೆಂದು ತಿಳಿಯಿತು.

ರೈಲಿನಲ್ಲಿ ಯಾದಗಿರಿಗೆ ಬಂದು, ಅಲ್ಲಿಂದ ಕಾರಿನಲ್ಲಿ ಎದೆಗೆ ದಿಂಬು ಅವಚಿಕೊಂಡು ಭೀಮಾ ಸೇತುವೆ ದಾಟಿದೆವು. ರಸ್ತೆಯ ಒಂದೊಂದು ತಗ್ಗೂ ಹೊಲಿಗೆಯೊಳಗೆ ಹಾದುಹೋಯಿತು. ಮನೆಯಲ್ಲಿ ನನ್ನ ಕೈಯಿಂದ ಏನೂ ಆಗುತ್ತಿರಲಿಲ್ಲ. ಎಡಗೈ ಭುಜಕ್ಕಿಂತ ಮೇಲೆ ಎತ್ತುವಂತಿಲ್ಲ, ತುಂಬಿದ ತಂಬಿಗೆಯನ್ನೂ ಹಿಡಿಯುವಂತಿಲ್ಲ. ಬೆನ್ನಿಗೆ ದಿಂಬು ಒಟ್ಟಿಕೊಂಡು ಅರ್ಧ ಕೂತಂತೆ ಮಲಗುತ್ತಿದ್ದೆ. ತಲೆ ಬಾಚುವುದು, ಲಾಡಿ ಕಟ್ಟುವುದು, ರೊಟ್ಟಿ ಮುರಿದು ಕೊಡುವುದು ಎಲ್ಲವೂ ಅಕ್ಕನದೇ. ಬಾಟಲಿ ಖಾಲಿ ಮಾಡುವ ಕೆಲಸ ಗಂಡನದು. ಅವರು ಮುಖ ಆಚೆ ತಿರುಗಿಸಿ, ಒಂದು ಹನಿ ಚೆಲ್ಲದಂತೆ ಮಾಡುತ್ತಿದ್ದರು. ಕೆಂಪಗಿದ್ದ ನೀರು ಹುಣಸೆಹಣ್ಣಿನ ನೀರಿನ ಬಣ್ಣಕ್ಕೆ ತಿರುಗಿ, ಆಮೇಲೆ ತಿಳಿಯಾಯಿತು. ಅಕ್ಕ ದಿನವೂ ಅದನ್ನು ಬೆಳಕಿಗೆ ಹಿಡಿದು ನೋಡಿ, ಪಟ್ಟಿ ಯಾವಾಗ ಬಿಚ್ಚುತ್ತಾರೆ ಎಂದು ಕೇಳುತ್ತಿದ್ದಳು. ಅವಳಿಗೆ ಊರಿನ ನೆನಪಾಗಿದೆ, ನಾಟಿಗೆ ಹೋಗಲು ಅವಸರ ಎಂದುಕೊಂಡೆ.

ಯಾದಗಿರಿಯ ಡಾಕ್ಟರೊಬ್ಬರು ನಳಿಗೆ ತೆಗೆದು, ಇನ್ನು ಮೈಮೇಲೆ ನೀರು ಹಾಕಿಕೊಳ್ಳಬಹುದು ಎಂದರು. ಮರುದಿನ ಮಧ್ಯಾಹ್ನ ಗಂಡ ಆಫೀಸಿಗೆ ಹೋದ ಮೇಲೆ ಅಕ್ಕ ಬಚ್ಚಲಲ್ಲಿ ನೀರು ಹದ ಮಾಡಿ ಕರೆದಳು. ನಾನು ಗೋಡೆ ಕಡೆ ಮುಖ ಮಾಡಿ ನಿಂತೆ. ಬೆಲ್ಟು ಬಿಚ್ಚಿದ ಸದ್ದಾಯಿತು. ತಿರುಗಿ ನೋಡಿದರೆ ಅಕ್ಕ ನನ್ನ ಎದೆಯನ್ನೇ ನೋಡುತ್ತಿದ್ದಳು. ನಾನೂ ಆಗಲೇ ಮೊದಲ ಸಲ ನೋಡಿದ್ದು. ಪಕ್ಕೆಲುಬಿನ ಮೇಲೆ ಸಡಿಲಾದ ಚರ್ಮ, ಹಳದಿ ಹಸಿರು ಕಂದು ಕಲೆಗಳು, ಅಡ್ಡಲಾಗಿ ಒಂದು ಗೆರೆ, ಅದರ ಕೆಳಗೆ ಅಂಗೈ ಕೂರುವಷ್ಟು ತಗ್ಗು. ಅಕ್ಕ ಬೆರಳ ತುದಿಯಿಂದ ಮುಟ್ಟಿ, ನೋವಾಗುತ್ತದೆಯೇ ಎಂದಳು. ಅಲ್ಲಿ ಮುಟ್ಟಿದ್ದೇ ಗೊತ್ತಾಗುವುದಿಲ್ಲ ಎಂದೆ.

“ಇಷ್ಟೇ ಏನು?” ಅಂದಳು.

ನನ್ನ ಮೈಯಿಂದ ಇಷ್ಟು ಹೋಗಿರುವಾಗ ಇವಳಿಗೆ ಇಷ್ಟೇ ಎನಿಸಿತಲ್ಲ ಎಂದು ಅಳು ಬಂತು. ಅಕ್ಕ ನನ್ನನ್ನು ಸಮಾಧಾನ ಮಾಡಲಿಲ್ಲ. ಬಚ್ಚಲ ಕಲ್ಲಿನ ಮೇಲೆ ಕುಕ್ಕರಿಸಿದಳು.

“ನಾ ಇದನ್ನ ನೋಡಾಕಂತನ ಬಂದೀನಿ, ತಂಗಿ.”

ಅವಳು ಕುಪ್ಪಸದ ಗುಂಡಿ ಬಿಚ್ಚಿದಳು. ಒಳಗೆ ಅರಿಶಿನ ಹಚ್ಚಿ ಮಡಚಿಟ್ಟ ಹಳೆಯ ಸೀರೆಯ ಬಟ್ಟೆ ಇತ್ತು. ಅದನ್ನು ತೆಗೆದಾಗ ಕಂಡದ್ದನ್ನು ನಾನು ಬರೆಯಲಾರೆ. ಬಲ ಮೊಲೆಯ ತೊಟ್ಟು ಒಳಕ್ಕೆ ಸೇದಿಹೋಗಿತ್ತು, ಪಕ್ಕದಲ್ಲಿ ಹುಣ್ಣು ಬಾಯಿ ಬಿಟ್ಟಿತ್ತು ಎಂದಷ್ಟೇ ಹೇಳುತ್ತೇನೆ. ಎಷ್ಟು ದಿನವಾಯಿತು ಎಂದು ಕೇಳಿದೆ. ದೀಪಾವಳಿಗೆ ನನ್ನ ಬೆನ್ನಿಗೆ ಎಣ್ಣೆ ಹಚ್ಚುವಾಗಲೇ ಅಲ್ಲೊಂದು ಗಂಟಿತ್ತಂತೆ. ಅವತ್ತೇ ಹೇಳಬೇಕೆಂದು ಬಂದಿದ್ದಳಂತೆ.

“ಮತ್ತ್ಯಾಕ ಹೇಳಲಿಲ್ಲ ಅಕ್ಕಾ?”

“ನಿಂದು ಮುಟ್ಟಿ ನೋಡಿದೆನಲ್ಲ. ತೆಗದ ಮ್ಯಾಲ ಎಲ್ಲಾರಿಗೂ ಹಿಂಗ ಒಂದು ಕಲ್ಲ ಇಡ್ತಾರ, ಅದು ಒಳಗ ಬೆಳಕೋತ ಹೋಗ್ತದ ಅಂತ ತಿಳಕೊಂಡೆ. ಈಗ ಅದನ್ನೂ ತೆಗದು ಏನೂ ಇಡದ ಬಿಡ್ತಾರಂತ ನೀ ಅಂದಿ. ಹಂಗ ಬಿಟ್ರ ಹೆಣ್ಣಮಗಳು ಬದುಕ್ತಾಳೋ ಇಲ್ಲೋ, ಕಣ್ಣಿಲೆ ನೋಡಬೇಕಂತ ಬಂದೆ.” ಕುಪ್ಪಸ ಹಾಕಿಕೊಳ್ಳುತ್ತ ಮತ್ತೆ ನನ್ನ ಎದೆ ನೋಡಿದಳು. “ಸಣ್ಣಾಕಿ ಇದ್ದಾಗ ನೀ ಹಿಂಗ ಇದ್ದಿ. ಇಷ್ಟೇ ಆದ್ರ ನಾನೂ ತೆಗಸ್ತೀನಿ. ಕರಕೊಂಡು ಹೋಗು.”

ಹೊಲಿಗೆ ಇನ್ನೂ ಹಸಿಯಿದ್ದಂತೆಯೇ ಅವಳನ್ನು ಹೈದರಾಬಾದಿಗೆ ಕರೆದುಕೊಂಡು ಹೋದೆ. ನನ್ನ ಗಾಯದ ಕೆಳಗೆ ನೀರು ತುಂಬಿತ್ತು. ಇದು ಆಗುವುದುಂಟು ಎಂದು ಡಾಕ್ಟರಮ್ಮ ಸೂಜಿಯಿಂದ ಎಳೆದು ತೆಗೆದರು. ಅದೇ ಕೋಣೆಯಲ್ಲಿ, ನಾನು ಎದ್ದ ಮಂಚದ ಮೇಲೆ ಅಕ್ಕನನ್ನು ಮಲಗಿಸಿದರು. ಸ್ಕ್ಯಾನ್ ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ನನ್ನ ಜೊತೆ ಹಿಂದಿಯಲ್ಲಿ ಮೆಲ್ಲಗೆ ಮಾತಾಡಿದರು. ಕಾಯಿಲೆ ಎಲುಬಿಗೂ ಲಿವರಿಗೂ ಹೋಗಿದೆ, ಈಗ ಮೊಲೆ ತೆಗೆದರೆ ಕಾಯಿಲೆ ಹೋಗುವುದಿಲ್ಲ, ಔಷಧಿ ಕೊಡೋಣ, ನೋವು ಕಡಿಮೆ ಮಾಡೋಣ ಎಂದರು. ಅಕ್ಕ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದಳು. ಆಮೇಲೆ ತಾನೇ ಡಾಕ್ಟರಮ್ಮನಿಗೆ ಕನ್ನಡದಲ್ಲಿ ಕೇಳಿದಳು.

“ನಮ್ಮ ತಂಗೀದು ಎರಡ ಸಲ ತೆಗದ್ರಿ. ನಂದ್ಯಾಕ ಒಮ್ಮೀನೂ ತೆಗ್ಯಂಗಿಲ್ರಿ?”

ಡಾಕ್ಟರಮ್ಮನಿಗೆ ಭಾಷೆ ತಿಳಿಯಲಿಲ್ಲ, ಮಾತು ತಿಳಿಯಿತು. ಅವರು ಅಕ್ಕನ ಕೈ ಹಿಡಿದುಕೊಂಡು ಕೂತರು. ಉತ್ತರವನ್ನು ನಾನೇ ಹೇಳಬೇಕಾಯಿತು. ಅದು ಬೇರೆ ಕಡೆಗೂ ಹೋಗಿದೆ ಅಕ್ಕಾ ಎಂದೆ. ಅವಳು ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು, ನಿನ್ನ ಗಾಯಕ್ಕೆ ನೀರು ಮತ್ತೆ ತುಂಬುವುದಿಲ್ಲ ಅಲ್ಲವೇ, ಅದನ್ನು ಕೇಳು ಎಂದಳು.

ಔಷಧಿಗೆ ಹೋಗಿ ಬರಲು ಅನುಕೂಲವೆಂದು ಅಕ್ಕ ನಮ್ಮ ಮನೆಯಲ್ಲೇ ಉಳಿದಳು. ನನಗೆ ವ್ಯಾಯಾಮ ಹೇಳಿದ್ದರು: ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳಿಂದ ಗೋಡೆ ಹತ್ತಬೇಕು, ದಿನಕ್ಕೆ ಇಷ್ಟಿಷ್ಟೇ ಮೇಲೆ. ಅಕ್ಕ ಮಂಚದ ಮೇಲೆ ಕೂತು ನೋಡುತ್ತಿದ್ದಳು. ಇಂದು ನೀನು ಬಾಗಿಲ ಚಿಲಕದ ಸಮ ಬಂದೆ, ಇಂದು ಗೂಡಿನ ಸಮ ಬಂದೆ ಎನ್ನುತ್ತಿದ್ದಳು. ನನ್ನ ಗಾಯ ಒಣಗಿ ತುರಿಸತೊಡಗಿತು, ಕಲೆಗಳು ಮಾಸಿದವು. ಬೆಲ್ಟು ಬಿಟ್ಟೆ. ಶಾಲೆಗೆ ಹೋದೆ. ಕುಪ್ಪಸದೊಳಗೆ ಹತ್ತಿ ಇಡಬೇಕೆಂದುಕೊಂಡಿದ್ದೆ, ಅಕ್ಕನ ಎದುರಿಗೆ ಅದನ್ನು ಮಾಡಲು ಮನಸ್ಸಾಗಲಿಲ್ಲ. ನಾನು ಗೋಡೆ ಹತ್ತಿದಷ್ಟೂ ಅಕ್ಕ ಮಂಚಕ್ಕೆ ಇಳಿಯುತ್ತಿದ್ದಳು. ಕೊನೆಗೆ ತಲೆ ಬಾಚುವವಳು ನಾನು, ಬಾಚಿಸಿಕೊಳ್ಳುವವಳು ಅವಳು. ಬಾಚಲು ಕೂದಲೂ ಉಳಿಯಲಿಲ್ಲ.

ಮುಂದಿನ ಮಳೆಗಾಲದಲ್ಲಿ ಕಾಲುವೆಗೆ ನೀರು ಬಿಟ್ಟಿದ್ದಾರೆಂದು ಗಂಡ ಆಫೀಸಿನಿಂದ ಬಂದು ಹೇಳಿದಾಗ ಅಕ್ಕ ಊರಿಗೆ ಹೋಗುತ್ತೇನೆ ಎಂದಳು. ಕಳಿಸಿಕೊಟ್ಟೆವು. ನಾಟಿ ಅರ್ಧ ಆಗಿರುವಾಗ ತೀರಿಕೊಂಡಳು. ಗದ್ದೆಯಿಂದ ಅವಳ ಗುಂಪಿನ ಹೆಂಗಸರು ಮೊಣಕಾಲ ತನಕ ಕೆಸರಿನಲ್ಲೇ ಬಂದರು. ಅಕ್ಕನಿಗೆ ಕೊನೆಯ ನೀರು ಹಾಕುವಾಗ ಕೊಡ ನಾನೇ ಎತ್ತಿದೆ. ಕೈ ನೋಯಲಿಲ್ಲ. ನೋಯಬೇಕಿತ್ತು ಅನಿಸಿತು.

ಅಕ್ಕನ ದಿನಕಾರ್ಯ ಮುಗಿಸಿ ನಾನು ಶಹಾಪುರಕ್ಕೆ ಹೊರಡುವ ದಿನ ಆ ಹೆಂಗಸರಲ್ಲಿ ಇಬ್ಬರು ನನ್ನನ್ನು ಒಳಕೋಣೆಗೆ ಕರೆದರು. ಅಕ್ಕ ಮಲಗಿದ್ದಲ್ಲಿಂದಲೇ ಅವರಿಗೆಲ್ಲ, ಎದೆಯಲ್ಲಿ ಗಂಟಿದ್ದರೆ ಮುಚ್ಚಿಡಬೇಡಿರಿ, ನನ್ನ ತಂಗಿ ಎದೆಯಿಲ್ಲದೆ ಶಾಲೆ ನಡೆಸುತ್ತಾಳೆ ಎಂದು ಹೇಳುತ್ತಿದ್ದಳಂತೆ. ಒಬ್ಬಳು ನೆಲ ನೋಡುತ್ತ ಕೇಳಿದಳು:

“ಬಾಯೋರ, ಖರೇನ ಏನೂ ಇಲ್ಲೇನ್ರಿ ಅಲ್ಲಿ?”

ನಾನು ಬಾಗಿಲು ಮುಚ್ಚಿ, ಗುಂಡಿ ಬಿಚ್ಚಿ ತೋರಿಸಿದೆ. ಅವರು ನೋಡಿದರು, ಮುಟ್ಟಿದರು, ಹೊಲಿಗೆ ಹಾಕುವಾಗ ಎಚ್ಚರವಿತ್ತೇ, ಎಷ್ಟು ದಿನಕ್ಕೆ ಕೆಲಸಕ್ಕೆ ಹೋದಿರಿ ಎಂದೆಲ್ಲ ಕೇಳಿದರು. ಗೊತ್ತಿದ್ದಷ್ಟು ಹೇಳಿದೆ. ಒಬ್ಬಳು ಮುಂದಿನ ವಾರವೇ ಯಾದಗಿರಿಗೆ ತೋರಿಸಲು ಬರುತ್ತೇನೆಂದಳು. ಬಂದಳು ಕೂಡ, ಅವಳಿಗೆ ಏನೂ ಇರಲಿಲ್ಲ. ಅವರು ಹೊರಗೆ ಹೋದ ಮೇಲೆ ನಾನು ಗುಂಡಿ ಹಾಕಿಕೊಳ್ಳದೆ ಅಲ್ಲೇ ನೆಲದ ಮೇಲೆ ಕೂತೆ. ಅಕ್ಕ ಹೋದ ದಿನದಿಂದ ಬಾರದಿದ್ದ ಅಳು ಆಗ ಬಂತು. ಅಕ್ಕನ ಗಂಡ ಬಾಗಿಲ ಆಚೆಯಿಂದ ಬಸ್ಸಿಗೆ ಹೊತ್ತಾಯಿತೆಂದು ಎರಡು ಸಲ ಕೂಗಿದ. ನನಗೆ ಏಳಲಾಗಲಿಲ್ಲ. ಅವತ್ತು ಆ ಬಸ್ಸು ತಪ್ಪಿಹೋಯಿತು.