ವಕೀಲರ ಮನೆಯ ಕಡಲ ಮೀನುಗಳು

ನಮ್ಮ ಮಾವನವರು ಹುಬ್ಬಳ್ಳಿಯಲ್ಲಿ ಹೆಸರಾದ ವಕೀಲರು. ಮನೆಯಲ್ಲಿ ಮಕ್ಕಳೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು, ಸೊಸೆಯಾಗಿ ಬಂದ ನಾನೂ ಹಾಗೆಯೇ ಕರೆದೆ. ಅವರಿಗೆ ಬದುಕಿನಲ್ಲಿ ಇನ್ನು ಬೇಕಾಗಿದ್ದದ್ದು ಒಂದೇ, ಹೆಸರಿನ ಮುಂದೆ ರಾವ್‌ಸಾಹೇಬ ಎಂಬ ಬಿರುದು. ಅದಕ್ಕಾಗಿ ಅವರು ನಡು ಬಗ್ಗಿಸದ ಬಾಗಿಲಿಲ್ಲ. ಆಗ ಹೊಸದಾಗಿ ಬಂದಿದ್ದ ಕಲೆಕ್ಟರ್ ಸಾಹೇಬನ ಮಡದಿಗೆ ಕಡಲೆಂದರೆ ಪ್ರಾಣ, ಧಾರವಾಡದಲ್ಲಿ ಕಡಲಿಲ್ಲವೆಂದು ಆಕೆ ಕೊರಗುತ್ತಾಳೆ ಎಂದು ಯಾರೋ ಇವರ ಕಿವಿಗೆ ಹಾಕಿದರು. ಸರಿ, ಸಾಹೇಬ ದಂಪತಿಯನ್ನು ಮನೆಗೆ ಕರೆದು ತೋರಿಸಲೆಂದು ವಕೀಲರು ಹುಬ್ಬಳ್ಳಿಗೇ ಕಡಲು ತರಲು ಹೊರಟರು.

ಮೀನು ಮಾರುವ ಓಣಿಯನ್ನು ಮೂಗು ಮುಚ್ಚಿಕೊಂಡು ದಾಟುತ್ತಿದ್ದವರು ತಮ್ಮ ದಿವಾನಖಾನೆಯಲ್ಲೇ ದೊಡ್ಡದೊಂದು ಗಾಜಿನ ತೊಟ್ಟಿ ಕಟ್ಟಿಸಿದರು. ಗೋವೆಯ ಬಂದರಿನಿಂದ ರೈಲಿನ ಗಾರ್ಡ್ ಒಬ್ಬ ಪೀಪಾಯಿಗಳಲ್ಲಿ ಕಡಲ ನೀರು ತಂದುಕೊಟ್ಟ, ಅದರ ಬೆನ್ನಿಗೆ ಮೀನು ತಂದ. ನೀಲಿ ಮೈ, ಹಳದಿ ಬಾಲ, ಬೆರಳಿನಷ್ಟು ಉದ್ದ. ಅವು ನಿಜಕ್ಕೂ ಚೆಂದವಿದ್ದವು, ಆ ಮನೆಯಲ್ಲಿ ಡೌಲು ಮಾಡದೆ ಚೆಂದವಿದ್ದದ್ದು ಅವಷ್ಟೇ. ಹುಳು ಹಾಕುವುದು ನಮ್ಮ ಮನೆತನಕ್ಕೆ ಒಪ್ಪುವ ಮಾತಲ್ಲವೆಂದು ಮಾವನವರು ಕಡಲ ಮೀನಿಗೆ ಅವಲಕ್ಕಿ ಹಾಕಿಸಿದರು. ತೋಟದ ಮಾಲಿ ಅವರ ಕಣ್ಣು ತಪ್ಪಿಸಿ ಎರೆಹುಳು ಹಾಕದೆ ಹೋಗಿದ್ದರೆ ಅವು ಉಪವಾಸದಿಂದಲೇ ಸಾಯುತ್ತಿದ್ದವು.

ಉಪವಾಸದಿಂದ ಸಾಯಲಿಲ್ಲ, ಬೇನೆ ಬಂತು. ಒಂದು ಬೆಳಗ್ಗೆ ನೋಡಿದರೆ ಮೀನಿನ ಮೈಮೇಲೆಲ್ಲ ರವೆ ಉದುರಿಸಿದಂತೆ ಬಿಳಿ ಚುಕ್ಕೆ. ಅವು ತಳದ ಕಲ್ಲಿಗೆ ಮೈ ತಿಕ್ಕುತ್ತಿದ್ದವು, ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಎರಡು ಸತ್ತು ತೇಲಿದವು. ದೃಷ್ಟಿ ತಾಗಿದೆ ಎಂದು ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಎರಡು ಪದವಿ ಪಡೆದ ಮಾವನವರು ಪಕ್ಕದಲ್ಲೇ ನಿಂತು ಘಾಟಿಗೆ ಕೆಮ್ಮುತ್ತ, ಘಾಟು ಬಂತು, ದೃಷ್ಟಿ ಹೋಯಿತು ಎಂದು ತಲೆಯಾಡಿಸಿದರು.

ನನ್ನ ತಂದೆ ಧಾರವಾಡದಲ್ಲಿ ದನದ ಡಾಕ್ಟರು. ತವರಿನಿಂದ ತಂದಿದ್ದ ಭೂತಗನ್ನಡಿಯಲ್ಲಿ ಸತ್ತ ಮೀನನ್ನು ನೋಡಿದೆ. ಚುಕ್ಕೆ ಮೈಮೇಲೆ ಅಂಟಿದ್ದಲ್ಲ, ತೊಗಲಿನ ಕೆಳಗೆ ಸಣ್ಣ ಗುಳ್ಳೆಯಾಗಿ ಕೂತಿತ್ತು.

"ಕಾಕಾ, ಇದು ದೃಷ್ಟಿ ಅಲ್ಲರಿ. ಏನೋ ಹುಳಾ ಮೈಯೊಳಗ ಹೊಕ್ಕದ," ಎಂದೆ.

"ನಿನಗ ಮದ್ದು ಗೊತ್ತದ ಏನು?"

"ಅಪ್ಪನ್ನ ಕೇಳಿ ನೋಡ್ತೀನ್ರಿ."

ಅವರು ನನ್ನನ್ನು ಸಾಕ್ಷಿಯನ್ನು ನೋಡುವ ಹಾಗೆ ನೋಡಿದರು. ನನಗೇನು ಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನು ಮ್ಯಾಟ್ರಿಕ್ ಪಾಸಾಗಿದ್ದೆ. ಧಾರವಾಡದ ಕಾಲೇಜಿಗೆ ಸೇರಬೇಕೆಂಬುದೊಂದೇ ನನ್ನ ಆಸೆ. ಗಂಡ ಪುಣೆಯಲ್ಲಿ ಓದುತ್ತಿದ್ದರು, ಅವರ ತಕರಾರು ಇರಲಿಲ್ಲ. ಮದುವೆಯ ಮಾತುಕತೆಯಲ್ಲಿ ಇದೇ ಮಾವನವರು ಮುಂದೆ ನೋಡೋಣ ಎಂದು ತೇಲಿಸಿದ್ದರು.

"ಸಾಹೇಬರು ಬರೂ ಹೊತ್ತಿಗೆ ಮೀನ ಛಲೋ ಮಾಡಿಕೊಡು. ಜೂನ್ ತಿಂಗಳಿಗೆ ನಿನ್ನ ಕಾಲೇಜಿಗೆ ಹಚ್ಚತೇನಿ," ಎಂದರು. ಎಲ್ಲರೆದುರು ಹೇಳಿದರು. ನಾನು ನಂಬಿದೆ.

ಮಾರನೆಯ ದಿನವೇ ಧಾರವಾಡಕ್ಕೆ ಹೋಗಿ ಅಪ್ಪನನ್ನು ಕೇಳಿದೆ. ತಮಗೆ ಮೀನಿನ ವೈದ್ಯ ಬರುವುದಿಲ್ಲ ಎಂದು ಅವರು ಮೊದಲೇ ಹೇಳಿಬಿಟ್ಟರು. ಆಮೇಲೆ ಯೋಚಿಸಿ, ತಮಗೆ ಗೊತ್ತಿದ್ದ, ದನದ ರಕ್ತ ಹೀರುವ ಉಣ್ಣಿಯ ಮಾತು ತೆಗೆದರು.

"ಉಣ್ಣಿ ಹೊಟ್ಟಿ ತುಂಬಿದ ಮ್ಯಾಲ ದನದ ಮೈಯಿಂದ ಉದರಿ ಬೀಳ್ತದ. ಕೊಟ್ಟಿಗ್ಯಾಗ ಮರಿ ಮಾಡ್ತದ. ಆ ಮರಿ ಮತ್ತ ದನಾ ಹತ್ತತಾವ. ಬರೇ ದನಾ ತೊಳದ್ರ ಏನ ಬಂತು ತಂಗಿ, ಕೊಟ್ಟಿಗಿ ಬದಲಸಬೇಕು. ಮೈಲುತುತ್ತಾ ಹಾಕಿದ್ರ ಹುಳಾ ಸಾಯಬಹುದು, ಆದ್ರ ಎಷ್ಟ ಹಾಕಿದ್ರ ಮೀನ ಸಾಯ್ತದ ಅನ್ನೂದು ನನಗ ಗೊತ್ತಿಲ್ಲ. ಅದರ ಗೊಡವಿಗೆ ಹೋಗಬ್ಯಾಡ." ಬೀಳ್ಕೊಡುವಾಗ ಇನ್ನೊಂದು ಹೇಳಿದರು. "ಹೊಸಾ ದನಾ ತಂದ್ರ ಮೊದಲ ಬ್ಯಾರೆ ಕಟ್ಟಿ ನೋಡಬೇಕು. ಮೀನಿಗೂ ಅದೇ ಮಾತು."

ಹಾಗೆಯೇ ಮಾಡಿದೆ. ಮೀನುಗಳನ್ನು ಮೊದಲು ಬಾವಿಯ ಸಿಹಿ ನೀರಿನಲ್ಲಿ ತುಸು ಹೊತ್ತು ಬಿಟ್ಟೆ. ಉಪ್ಪುನೀರಿನ ಸಣ್ಣ ಹುಳು ಸಿಹಿ ನೀರನ್ನು ತಡೆಯಲಾರದು, ಮೀನು ಅಷ್ಟು ಹೊತ್ತು ತಾಳಿಕೊಂಡೀತು ಎಂಬುದು ನನ್ನ ಲೆಕ್ಕ. ಮೀನು ಅಡ್ಡ ಮಲಗಿದ ಕೂಡಲೇ ತೆಗೆದು, ಕಡಲ ನೀರು ತುಂಬಿದ ಭರಣಿಗೆ ಹಾಕಿದೆ. ಎರಡು ದಿನ ಕಳೆದ ಮೇಲೆ ಇನ್ನೊಂದು ಭರಣಿ, ಮತ್ತೆ ಹೊಸ ನೀರು. ಖಾಲಿಯಾದದ್ದನ್ನು ತೊಳೆದು ಬಿಸಿಲಿಗೆ ಬೋರಲು ಹಾಕುತ್ತಿದ್ದೆ. ಉದುರಿದ ಹುಳು ಮರಿ ಮಾಡುವಷ್ಟರಲ್ಲಿ ಮೀನು ಅಲ್ಲಿಂದ ಹೋಗಿರಬೇಕು, ಇಷ್ಟೇ ಉಪಾಯ. ದೊಡ್ಡ ತೊಟ್ಟಿಯ ನೀರನ್ನೆಲ್ಲ ಚೆಲ್ಲಿಸಿ, ಕಲ್ಲುಗಳನ್ನು ಅಂಗಳದಲ್ಲಿ ಒಣಗಿಸಿದೆ. ನೀರಿಗೆ ಗಾಳಿ ಹಿಡಿಯಲೆಂದು ದಿನವೆಲ್ಲ ಮೊಗೆದು ಮೇಲಿಂದ ಸುರಿಯುವುದೂ ನನ್ನದೇ ಕೆಲಸ. ಮೈಯೆಲ್ಲ ಉಪ್ಪಾಯಿತು, ಕೈ ಬಿರಿಯಿತು. ನನಗೆ ಅದರ ಪರಿವೆ ಇರಲಿಲ್ಲ.

ಭರಣಿಗಳು ಅತ್ತೆಯವು. "ಉಪ್ಪಿನಕಾಯಿ ಹಾಕೂ ಭರಣ್ಯಾಗ ಮೀನ ಬಿಟ್ಟೀದಿ. ಇನ್ನ ಅವು ಹಿತ್ತಲದಾಗ ಇರಲಿ, ಒಳಗ ತರಬ್ಯಾಡ. ನೀನೂ ತೊಯ್ಸಿಕೊಂಡ ಒಳಗ ಬಾ," ಎಂದು ಅಡುಗೆಮನೆಯ ಬಾಗಿಲಲ್ಲಿ ಅಡ್ಡ ನಿಂತರು.

ಬೇರೆ ಇಡುವುದರಲ್ಲಿ ಆ ಮನೆಯವರನ್ನು ಮೀರಿಸುವವರಿರಲಿಲ್ಲ. ಮಡಿಯ ಸೀರೆ ಬೇರೆ ಗಳದ ಮೇಲೆ. ಹೊರಗಾದ ಹೆಂಗಸರು ಮೂರು ದಿನ ಹಿತ್ತಲ ಮೂಲೆಗೆ. ಕಕ್ಷಿಗಾರರಿಗೆ ಜಾತಿ ನೋಡಿ ಬೇರೆ ಬೇರೆ ಲೋಟ, ಮುಸುರೆ ತಾಗಿದ ಕೈ ನೀರಿನ ಕೊಡಕ್ಕೆ ತಾಗಿದರೆ ಇಡೀ ಕೊಡವೇ ಮೋರಿಗೆ. ಮನುಷ್ಯರನ್ನು ಇಷ್ಟು ಅಚ್ಚುಕಟ್ಟಾಗಿ ದೂರ ಇಡಬಲ್ಲವರಿಗೆ ಒಂದು ರೋಗದ ಮೀನನ್ನು ದೂರ ಇಡುವುದು ಯಾವ ಮಹಾ ಕೆಲಸ ಎಂದು ನಾನು ತಿಳಿದಿದ್ದೆ.

ಮೀನು ಚೇತರಿಸಿಕೊಂಡವು. ಭೂತಗನ್ನಡಿಯಲ್ಲಿ ಎಷ್ಟು ಹುಡುಕಿದರೂ ಒಂದು ಚುಕ್ಕೆ ಕಾಣಲಿಲ್ಲ. ನೀಲಿ ಬಣ್ಣ ಮತ್ತೆ ಮಿಂಚಿತು. ಹೊಸ ನೀರು ತುಂಬಿಸಿದ ತೊಟ್ಟಿಗೆ ಅವನ್ನು ಬಿಟ್ಟ ದಿನ ನನಗಾದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಕಾಲೇಜಿಗೆ ಯಾವ ಸೀರೆ ಉಡಬೇಕೆಂದು ಪೆಟ್ಟಿಗೆ ತೆರೆದು ನೋಡಿದೆ.

ಸಾಹೇಬನ ಸವಾರಿಗೆ ಇನ್ನೂ ಒಂದು ವಾರವಿತ್ತು. ಅಷ್ಟರಲ್ಲಿ ಮಾವನವರಿಗೆ ತೊಟ್ಟಿ ಬಿಕೋ ಎನ್ನುತ್ತಿದೆ ಅನ್ನಿಸಿತು. ಗಾರ್ಡ್‌ಗೆ ಹೇಳಿ ಹೊಸ ಮೀನು ತರಿಸಿದರು. ನಾನು ಡಬ್ಬಿಯಲ್ಲಿ ಇಣುಕಿದೆ. ಒಂದರ ರೆಕ್ಕೆಯ ಮೇಲೆ ಅದೇ ಬಿಳಿ ಚುಕ್ಕೆ.

"ಕಾಕಾ, ಇವನ್ನ ಭರಣ್ಯಾಗ ಬ್ಯಾರೆ ಇಡೋಣ್ರಿ. ಇದರ ಮೈಮ್ಯಾಲೆ ಹುಳಾ ಅದ, ನೋಡ್ರಿ ಬೇಕಾದ್ರ."

ಅವರು ನೋಡಲಿಲ್ಲ. ಅವರಿಗೆ ಕಾಣಿಸಿದ ಮೈಲಿಗೆಯೇ ಬೇರೆ. ಮೀನು ಹಿಡಿದವನು ಯಾವನೋ, ಡಬ್ಬಿ ಮುಟ್ಟಿದವನು ಯಾವನೋ. ದೇವರ ಮನೆಯಿಂದ ಪಂಚಪಾತ್ರೆ ತರಿಸಿ, ಮಂತ್ರ ಹೇಳಿ, ತುಳಸಿ ದಳದಿಂದ ಡಬ್ಬಿಯ ಮೇಲೆ ನೀರು ಪ್ರೋಕ್ಷಿಸಿದರು.

"ಶುದ್ಧ ಆತು. ಇನ್ನೇನ ಬ್ಯಾರೆ ಇಡೂದದ?" ಎಂದು ಡಬ್ಬಿಯನ್ನು ನೀರು ಸಮೇತ ತೊಟ್ಟಿಗೆ ಸುರಿದರು.

"ಕಾಕಾ, ಹುಳಾ ಮಂತ್ರಾ ಕೇಳೂದಿಲ್ಲರಿ."

"ಹೆಚ್ಚ ಮಾತಾಡಬ್ಯಾಡ," ಎಂದರು. ಅತ್ತೆ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದರು. ನಾಲ್ಕು ಹನಿ ನೀರಿಗೆ ತಮ್ಮ ಓದು, ಅನುಭವ, ಕಣ್ಣು ಎಲ್ಲವನ್ನೂ ಬಿಟ್ಟುಕೊಟ್ಟ ಮಾವನವರ ಮೇಲೆ ಅಂದು ನನಗೆ ಹುಟ್ಟಿದ ತಿರಸ್ಕಾರ ಇಂದಿಗೂ ಹೋಗಿಲ್ಲ.

ಸಾಹೇಬ ಬರುವ ದಿನ ಬಂತು. ಬೆಳಗ್ಗೆ ಎದ್ದು ತೊಟ್ಟಿ ನೋಡಿದೆ. ಹಳೆಯ ಮೀನು, ಹೊಸ ಮೀನು ಎಂಬ ಭೇದವಿಲ್ಲದೆ ಎಲ್ಲದರ ಮೈತುಂಬ ಚುಕ್ಕೆ. ಎಲ್ಲವೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಈಗ ಮಾಡುವುದೇನೂ ಉಳಿದಿರಲಿಲ್ಲ. ಮಾವನವರು ಬಿಳಿಚಿಕೊಂಡಿದ್ದರು. ಅವರ ಮುಖ ನೋಡಿ ಒಂದು ಗಳಿಗೆ ನನಗೆ ಖುಷಿಯೇ ಆಯಿತು.

ಸಾಹೇಬ, ನಮ್ಮವರು ಮಡಮ್ಮ ಎನ್ನುತ್ತಿದ್ದ ಅವನ ಮಡದಿ, ಇಬ್ಬರೂ ಬಂದರು. ನಾನು ಪರದೆಯ ಹಿಂದೆ ನಿಂತಿದ್ದೆ. ಅವರ ಇಂಗ್ಲಿಷು ನನಗೆ ತಿಳಿಯುತ್ತಿತ್ತು. ಮಡಮ್ಮ ತೊಟ್ಟಿಯ ಮುಂದೆ ಬಗ್ಗಿ, ಅಯ್ಯೋ ಎಷ್ಟು ಮುದ್ದಾಗಿವೆ, ಮೈತುಂಬ ಮುತ್ತು ಪೋಣಿಸಿದ ಹಾಗಿದೆ, ಇದು ಯಾವ ಜಾತಿ ಎಂದು ಕೇಳಿದಳು.

ಮಾವನವರು ನಡು ಬಗ್ಗಿಸಿದರು. "ಇವು ಮುತ್ತಿನ ಮೀನು, ಮೇಡಂ. ಬಹಳ ಅಪರೂಪ. ತಮಗಾಗಿಯೇ ತರಿಸಿದ್ದು," ಎಂದರು.

"ನೋಡಿ, ನಮ್ಮನ್ನು ಕಾಣಲೆಂದೇ ಮೇಲೆ ಬರುತ್ತಿವೆ," ಎಂದಳು ಮಡಮ್ಮ. ಉಸಿರು ಸಿಗದೆ ಒದ್ದಾಡುತ್ತಿದ್ದ ಮೀನುಗಳನ್ನು ನೋಡಿ ಮೂವರೂ ನಕ್ಕರು. ಸಾಹೇಬ ಮಾವನವರ ಕೈ ಕುಲುಕಿದ. ಅವರು ಹೋದ ಮೇಲೆ ಮಾವನವರು ಆ ಕೈಯನ್ನು ತೊಳೆದುಕೊಂಡರು, ಅದು ಬೇರೆ ಮಾತು. ಮುಂದಿನ ವರ್ಷ ಬಿರುದೂ ಬಂತು.

ನಾನು ಅಂದೇ ಸಂಜೆ ಎದುರು ಹೋಗಿ ನಿಂತೆ. "ಕಾಕಾ, ಸಾಹೇಬರು ಬಂದ ಹೋದರು. ಕಾಲೇಜಿನ ಮಾತು ಏನ ಮಾಡಿದ್ರಿ?"

ಅವರು ಅಡಿಕೆ ಕತ್ತರಿಸುತ್ತ ಕೂತಿದ್ದರು. ತಲೆ ಎತ್ತಲಿಲ್ಲ. "ಮಡಮ್ಮಗ ಮನಸಿಗೆ ಬಂದಿದ್ದ ಆ ಚುಕ್ಕಿ. ನಿನ್ನ ಮಾತ ಕೇಳಿದ್ರ ಅವು ಇರ್ತಿದ್ದಿಲ್ಲ. ಇಷ್ಟಾದ ಮ್ಯಾಲೂ ನಾ ನಿನ್ನ ಕಾಲೇಜಿಗೆ ಕಳಸಬೇಕೇನು? ಕಲತದ್ದ ಹೆಚ್ಚಾಗೇದ ನಿನಗ."

ನಾನು ಒಳಗೆ ಹೋಗಿ ಸೀರೆಯ ಪೆಟ್ಟಿಗೆಗೆ ಬೀಗ ಹಾಕಿದೆ.

ಮೀನು ಒಂದೊಂದಾಗಿ ಸತ್ತವು. ಕಾಲೇಜು ತೆರೆದ ವಾರ ಕೊನೆಯದೂ ಹೋಯಿತು. ಮಾವನವರು ಆ ಹೊತ್ತಿಗೆ ತೊಟ್ಟಿಯ ಕಡೆ ತಿರುಗಿ ನೋಡುವುದನ್ನೂ ಬಿಟ್ಟಿದ್ದರು. ನಾನೇ ಅದನ್ನು ಎತ್ತಿ, ಹಿತ್ತಲಲ್ಲಿ ಕುಣಿ ತೋಡಿ ಹುಗಿದು ಬಂದೆ. ಬಾಗಿಲಲ್ಲಿ ಅತ್ತೆ ತಡೆದರು.

"ಸತ್ತದ್ದು ಮುಟ್ಟಿ ಬಂದೀದಿ, ಒಳಗ ಬರಬ್ಯಾಡ. ನೀರು ಕಾಸ್ತೇನಿ, ಅಲ್ಲೇ ನಿಂದ್ರು."

ಒಳಗೆ ಮಾವನವರು ಊಟಕ್ಕೆ ಕೂತಿದ್ದರು. ನಾನು ಹೊರಗೆ ನಿಂತೆ.