ಬರಿಗಾಳಿಯಲ್ಲಿ ಹೊತ್ತಿದ ಕಸಬರಿಗೆ

೨೦೧೯ರ ಫೆಬ್ರವರಿ ೨೦, ಬುಧವಾರ. ತಾರೀಖನ್ನು ನನ್ನ ದಿನಚರಿಯಿಂದ ತೆಗೆದುಕೊಂಡಿದ್ದೇನೆ. ವಾರವನ್ನು ಪಂಚಾಂಗದೊಂದಿಗೆ ತಾಳೆ ನೋಡಿದ್ದೇನೆ. 'ಕಣ್ಣಾರೆ ಕಂಡೆ' ಎನ್ನುವವರ ಮಾತಿಗೆ ನಾನು ಎಂದೂ ಬೆಲೆ ಕೊಟ್ಟವನಲ್ಲ. ಈಗ ಅಂಥ ಮಾತನ್ನು ನಾನೇ ಬರೆಯಬೇಕಾಗಿದೆ.

ಪುಣೆಯ ಪ್ರಯೋಗಾಲಯವೊಂದರಲ್ಲಿ ನಾನು ಹೈಡ್ರೋಜನ್ ಅನಿಲವನ್ನೇ ಉಂಡು ಬದುಕುವ ಬ್ಯಾಕ್ಟೀರಿಯಾಗಳನ್ನು ಸಾಕುತ್ತಿದ್ದೆ. ಪುಣೆ ಬಳಿಯ ಭೋರ್ ಊರಿನ ಕಡೆಯ ಮಣ್ಣಿನಿಂದ ಬೇರ್ಪಡಿಸಿದ ಆ ತಳಿ ನನ್ನ ಸೇವಾವಧಿಯ ಕೊನೆಯ ದುಡಿಮೆ. ಸಹೋದ್ಯೋಗಿ ದೇಶಪಾಂಡೆಗೆ ನನ್ನ ಕೋಣೆ ಬೇಕಾಗಿತ್ತು. ಅನಿಲ ಅಪಾಯಕಾರಿಯೆಂದು ಆತ ಸುರಕ್ಷತಾ ಸಮಿತಿಗೆ ದೂರು ಕೊಟ್ಟಿದ್ದ. ಕೋಣೆ ಹೋದರೆ ತಳಿಯೂ ಹೋದಂತೆ.

ಹೈಡ್ರೋಜನ್ನಿನ ಉರಿ ಹಗಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಸಿಲಿಂಡರಿನ ಬಳಿ ಹೋಗುವಾಗ ಹುಲ್ಲಿನ ಕಸಬರಿಗೆಯನ್ನು ಮುಂದೆ ಚಾಚಿ ನಡೆಯುವುದು ನನ್ನ ಪದ್ಧತಿ. ಉರಿಯಿದ್ದರೆ ಮೊದಲು ಅದು ಹೊತ್ತಿಕೊಳ್ಳುತ್ತದೆ.

ಆ ಮಧ್ಯಾಹ್ನ ದೇಶಪಾಂಡೆ ಅಳತೆಯ ಟೇಪು ಹಿಡಿದು, ಹೇಳದೆ ಕೇಳದೆ ಒಳಬಂದು, ಕೆಂಪು ಸಿಲಿಂಡರ್ ನಿಂತಿದ್ದ ಮೂಲೆಯತ್ತ ನಡೆದ.

"ನಿಂದರ್ರಿ, ಮದಲ ಕಸಬರಿಗಿ ಹಿಡೀರಿ," ಎಂದೆ.

"ಯಾಕ್ರಿ, ದೆವ್ವ ಬಿಡಸ್ತೀರೇನು? ಸಮಿತಿಯವರು ಬರೂದ್ರಾಗ ನೀವ ಖೋಲಿ ಖಾಲಿ ಮಾಡ್ರಿ, ಭಾಳ ಛಲೋ ಆಗ್ತದ."

"ನಾ ಇರೂತನಕ ಆಗೂದಿಲ್ಲ."

ಆತ ನಕ್ಕು, ನನ್ನ ಕೈಯಿಂದ ಕಸಬರಿಗೆ ಕಸಿದು ಮೂಲೆಯತ್ತ ಚಾಚಿದ. ಅನಿಲ ಸೋರುವ ಸದ್ದಿರಲಿಲ್ಲ. ಕಸಬರಿಗೆಯ ತುದಿ ಬರಿಗಾಳಿಯಲ್ಲಿ ಭಗ್ಗನೆ ಹೊತ್ತಿತು. ಅವನ ಅಂಗಿಯ ತೋಳಿಗೂ ಹತ್ತಿತು. ನಾನು ಬಕೆಟ್ಟಿನ ನೀರು ಎರಚಿ ಆರಿಸುವಷ್ಟರಲ್ಲಿ ಅವನ ಅಂಗೈ ಸುಟ್ಟಿತ್ತು.

"ವಾಲ್ವ್ ನೀವ ಬಿಟ್ಟೀರಿ! ಬೇಕಂತ ಬಿಟ್ಟೀರಿ!" ಎಂದು ಕಿರುಚಿದ.

ಬಿಟ್ಟವನು ಅವನೇ ಎಂದು ನಾನು ಸಮಿತಿಗೆ ಬರೆದುಕೊಟ್ಟೆ. ಸಮಿತಿ ಇಬ್ಬರನ್ನೂ ನಂಬಲಿಲ್ಲ. ಮರುವಾರ ಕೋಣೆಗೆ ಬೀಗ ಬಿತ್ತು. ಬ್ಯಾಕ್ಟೀರಿಯಾದ ಸೀಸೆಗಳನ್ನು ಕಾಯಿಸಿ, ನಿರ್ಜೀವಗೊಳಿಸಿ, ಮೋರಿಗೆ ಚೆಲ್ಲಿದರು. ನಾನು ನಿಂತು ನೋಡಿದೆ. ದೇಶಪಾಂಡೆಯ ಮೇಲಿನ ದ್ವೇಷ ಇಂದಿಗೂ ಇಳಿದಿಲ್ಲ. ಮೂಲೆಯಲ್ಲಿ ಸಿಲಿಂಡರ್ ಇತ್ತು, ಅದರ ಮುಂದೆ ಉರಿಯಿತ್ತು: ನಾವಿಬ್ಬರೂ ಒಪ್ಪಿದ್ದು ಇಷ್ಟನ್ನೇ.

ನಿವೃತ್ತನಾದ ಮೇಲೆ, ತಪ್ಪು ಅವನದೆಂದು ಸಾಧಿಸುವ ಹಟದಿಂದ, ಚಾಕಣದ ಅನಿಲ ಪೂರೈಕೆದಾರರಿಂದ ರಸೀದಿಗಳ ಪ್ರತಿ ತರಿಸಿದೆ. ಸಿಲಿಂಡರ್ ಬಿಟ್ಟರೆ ಕೋಣೆಯಲ್ಲಿ ಹೈಡ್ರೋಜನ್ ಇದ್ದದ್ದು ಬ್ಯಾಕ್ಟೀರಿಯಾದ ಸೀಸೆಗಳಲ್ಲಿ ಮಾತ್ರ; ಅದು ಅಷ್ಟು ಉರಿಗೆ ಸಾಲದು. ಆ ಜೀವಿಗಳಾದರೂ ಹೈಡ್ರೋಜನ್ ಉಣ್ಣುವಂಥವು, ಬಿಡುವಂಥವಲ್ಲ. ಬೇರೆ ವಿವರಣೆ ನನಗೆ ಹೊಳೆದಿಲ್ಲ. ರಸೀದಿಗಳ ಪ್ರಕಾರ, ನನ್ನ ಕೋಣೆಯಲ್ಲಿದ್ದ ಒಂದೇ ಒಂದು ಸಿಲಿಂಡರನ್ನು ತುಂಬಿಸಲು ಫೆಬ್ರವರಿ ೧೯ರಂದು ಒಯ್ದಿದ್ದಾರೆ. ಮರಳಿ ತಂದಿಟ್ಟದ್ದು ಕಸಬರಿಗೆ ಹೊತ್ತಿದ ಮರುದಿನ, ೨೧ರಂದು.