ಪ್ರಿಂಟಿಗೆ ಬಾರದ ಕಲ್ಲು

"ನಮ್ಮ ಹೊಲದಾಗ ಯಾವಾಕಿನೋ ಬಂದು ಕಲ್ಲು ನೆಕ್ಕಾಕತ್ತಾಳ. ಲಗೂನ ಬಾ."

ಶನಿವಾರ ಬೆಳಗ್ಗೆ ಮಾಮಾ ಫೋನಿನಲ್ಲಿ ಹೇಳಿದ್ದು ಇಷ್ಟೇ. ಮಾಮಾ ಎಂದರೆ ನಮ್ಮ ಶಾಂತಕ್ಕನ ಗಂಡ. ಊರು ಲೋಕಾಪುರದ ಹತ್ತಿರ. (ಹಳ್ಳಿಯ ಹೆಸರು ಬೇಡ. ಯಾಕೆಂದು ಓದುತ್ತಾ ಹೋದರೆ ತಿಳಿಯುತ್ತದೆ.)

"ನೆಕ್ಕೂದಾ? ಸರಿಯಾಗಿ ನೋಡೀರೇನು ಮಾಮಾ?"

"ಕಣ್ಣಾರೆ ನೋಡೇನಿ. ಒಡ್ಡಿನ ಮ್ಯಾಲಿನ ಕಲ್ಲು ಎತ್ತಿದಳು, ದುಪಟ್ಟಾಲೆ ಒರಿಸಿದಳು, ನಾಲಿಗಿ ಹಚ್ಚಿದಳು. ಆಮ್ಯಾಲ ಬಿಸಲಿಗೆ ಹಿಡದು ನೋಡಿದಳು."

ಜಮಖಂಡಿಯಿಂದ ಹೊರಟು, ಮುಧೋಳದಲ್ಲಿ ಬಸ್ಸು ಬದಲಿಸಿ ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಆಕೆ ಹೋಗಿಯಾಗಿತ್ತು. ಕಲ್ಲು ಮಾತ್ರ ಮಾಮಾನ ವಶದಲ್ಲಿತ್ತು. ಗೊಬ್ಬರದ ಚೀಲದಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟಿದ್ದರು. ಊಟದ ತಾಟಿನಷ್ಟು ಅಗಲದ, ಬೂದಿ ಬಣ್ಣದ, ನಮ್ಮ ಕಡೆ ಕಾಲಿಗೆ ಎಡವುವ ಸಾಧಾರಣ ಕಲ್ಲು.

"ಏನಂತ ಹೇಳಿದಳ್ರಿ?"

"ಕಲ್ಲಿಲೆ ಚಿತ್ರಾ ಪ್ರಿಂಟ್ ಮಾಡತಾಳಂತ. ಬನಹಟ್ಟಿಯೊಳಗ ವರ್ಕ್‌ಶಾಪ್ ಐತಂತ. ಕಲ್ಲಿಲೆ ಪ್ರಿಂಟ್ ಹೆಂಗಾಕೈತಿ? ನಾ ಏನ ಹುಚ್ಚ ಅದೀನೇನ?"

ಅಡುಗೆಮನೆಯಿಂದ ಅಕ್ಕ ನಕ್ಕ ಸದ್ದು ಬಂತು. ಮಾಮಾ ನಗಲಿಲ್ಲ.

ನಾನೂ ನಗಲಿಲ್ಲ. ಅನುಮಾನದ ವಿಷಯದಲ್ಲಿ ನಾನೇನು ಮಾಮಾಗಿಂತ ಕಡಿಮೆಯಲ್ಲ. ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವುದಿಲ್ಲ. ಫ್ರೀ ಎಂದು ಬೋರ್ಡು ಹಾಕಿದ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಕಲ್ಲಿನಿಂದ ಪ್ರಿಂಟ್ ಎಂದರೆ ನಂಬಿಬಿಡುತ್ತೇನೆಯೆ? ಮೊಬೈಲ್ ತೆಗೆದು ಹುಡುಕಿದೆ. ಹಾಗೊಂದು ಕಲೆ ಇದೆಯಂತೆ, ಹೆಸರು ಲಿಥೋಗ್ರಫಿ. ಅದಕ್ಕೆ ಬೇಕಾದದ್ದು ಸುಣ್ಣದ ಕಲ್ಲು. ಆದರೆ ಅಂಥ ಕಲೆ ಇದೆ ಎಂದ ಮಾತ್ರಕ್ಕೆ ಈಕೆ ಅದನ್ನೇ ಮಾಡುತ್ತಾಳೆ ಎಂದು ಹೇಗೆ ಹೇಳುವುದು?

"ಹೋಗಿ ನೋಡೂಣು," ಎಂದಳು ಅಕ್ಕ. "ಹೇಳದ ಕೇಳದ ಹೋಗೂಣು."

ಮರುದಿನ ಮಾಮಾನ ಕಾರಿನಲ್ಲಿ ಮೂವರೂ ಬನಹಟ್ಟಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಚೀಲದೊಳಗಿನ ಕಲ್ಲು. ಸಾಕ್ಷಿ ಜೊತೆಗಿರಲಿ ಎಂದು ಮಾಮಾ ಅದನ್ನೂ ಹೊರಡಿಸಿದ್ದರು.

ವರ್ಕ್‌ಶಾಪ್ ಎಂದರೆ ಮೊದಲು ಪವರ್‌ಲೂಮ್ ಇದ್ದ ಶೆಡ್ಡು. ಅಕ್ಕಪಕ್ಕ ಇನ್ನೂ ಮಗ್ಗಗಳ ಸದ್ದು, ಇದೊಂದು ಮಾತ್ರ ಗಪ್‌ಚಿಪ್. ಕಿಟಕಿಗಳಿಗೆಲ್ಲ ಒಳಗಿನಿಂದ ಕಾಗದ ಅಂಟಿಸಿದ್ದರು. ಬಾಗಿಲಲ್ಲೇ ಆ್ಯಸಿಡ್ ವಾಸನೆ. ಮಾಮಾ ನನ್ನ ಕಡೆ ನೋಡಿದರು.

ಬಾಗಿಲು ತೆರೆದವಳು ಸುನಂದಾ. ವಯಸ್ಸು ನಲವತ್ತರ ಆಸುಪಾಸು, ಮೊಣಕೈವರೆಗೆ ಕಪ್ಪು ಮಸಿ. ರಬಕವಿಯ ನೇಕಾರರ ಮನೆಯ ಹೆಣ್ಣು. ಚಿತ್ರಕಲೆ ಓದಿ, ಬಹಳ ವರ್ಷ ಬರೋಡಾದ ಒಂದು ಸ್ಟುಡಿಯೋದಲ್ಲಿ ಪ್ರಿಂಟ್ ತೆಗೆಯುವ ಕೆಲಸ ಮಾಡಿ, ಈಗ ಊರಿಗೆ ಬಂದು ಸ್ವಂತ ಪ್ರೆಸ್ ಹಾಕಿದ್ದಾಳೆ. ಇಷ್ಟನ್ನೂ ಆಕೆ ನಾವು ಕೇಳುವ ಮೊದಲೇ ಹೇಳಿದಳು. (ಕೇಳದೆ ಎಲ್ಲ ಹೇಳುವವರನ್ನು ಕಂಡರೆ ನಿಮಗೂ ಅನುಮಾನ ಬರುವುದಿಲ್ಲವೆ?)

"ಕಲ್ಲು ತಂದೀರಿ ಕಾಕಾ!" ಎಂದು ಆಕೆ ಚೀಲಕ್ಕೆ ಕೈ ಹಾಕಿದಳು.

ಮಾಮಾ ಚೀಲ ಹಿಂದಕ್ಕೆ ಎಳೆದುಕೊಂಡರು. "ಮೊದಲ ನಿನ್ನ ಕೆಲಸ ತೋರಸವಾ."

ತೋರಿಸಿದಳು. ಮೇಜಿನಂಥ ದೊಡ್ಡ ಪ್ರೆಸ್, ಅದರ ಮೇಲೆ ಕನ್ನಡಿಯಷ್ಟು ನುಣುಪಾದ ಒಂದು ಹಳೆಯ ಕಲ್ಲು. ಅದರ ಮೇಲೆ ನೀರಲ್ಲಿ ಅರ್ಧ ಮುಳುಗಿದ ಜಾಲಿ ಮರಗಳ ಚಿತ್ರ. ಜಿಡ್ಡು ಬೆರೆಸಿದ ಕಡ್ಡಿಯಿಂದ ಬರೆದದ್ದು. ಸುನಂದಾ ಸ್ಪಂಜಿನಿಂದ ನೀರು ಒರೆಸಿದಳು, ರೋಲರಿನಿಂದ ಮಸಿ ಉರುಳಿಸಿದಳು. ಜಿಡ್ಡು ಇದ್ದಲ್ಲಿ ಮಸಿ ಹಿಡಿಯಿತು, ಒದ್ದೆ ಇದ್ದಲ್ಲಿ ಹಿಡಿಯಲಿಲ್ಲ. ಕಾಗದ ಹೊದಿಸಿ, ಮೈಭಾರ ಹಾಕಿ ಹಿಡಿಕೆ ತಿರುಗಿಸಿದಳು. ಕಾಗದ ಎತ್ತಿದರೆ ಜಾಲಿ ಮರಗಳು ಅದರಲ್ಲಿ ನಿಂತಿದ್ದವು.

"ಅಯ್ಯ, ನಮ್ಮ ಬೀಳಗಿ ಕಡೆ ಹಿನ್ನೀರ ಕಂಡಂಗ ಐತಲ್ಲ!" ಎಂದಳು ಅಕ್ಕ.

"ಅದ ರೀ ಅಕ್ಕಾರ. ಪುಣೆಯಿಂದ ಒಬ್ಬ ಕಲಾವಿದರು ಬಂದು ನೋಡಿ, ಇಲ್ಲೇ ಕುಂತು ಬರದಾರ. ನಾ ಪ್ರಿಂಟ್ ತೆಗೀತೀನಿ, ಅವರು ಸಹಿ ಮಾಡತಾರ."

"ಮೈ ಮುರದು ಮಾಡಾಕಿ ನೀ. ಸಹಿ ಅವರದಾ?" ಮಾಮಾನ ದನಿಯಲ್ಲಿ ಪೊಲೀಸರ ವಾಸನೆ.

"ನೀವು ಕಬ್ಬು ಬೆಳೀತೀರಿ ಕಾಕಾ. ಸಕ್ಕರಿ ಚೀಲದ ಮ್ಯಾಲ ನಿಮ್ಮ ಹೆಸರ ಇರತೈತೇನ್ರಿ?"

ಮಾಮಾ ಪ್ರೆಸ್ಸಿನ ಮೇಲಿನ ಕಲ್ಲಿಗೆ ಬೆರಳು ಮಾಡಿದರು. ಆಮೇಲೆ ಕೇಳಿದರು. "ಎಲ್ಲಾ ಹೊಡದ ಮ್ಯಾಲ ಈ ಕಲ್ಲಿಂದು ಏನ ಮಾಡತಿ?"

"ತಿಕ್ಕಿ ಚಿತ್ರಾ ಅಳಸತೀನ್ರಿ. ಇಷ್ಟ ಪ್ರತಿ ಅಂತ ಮೊದಲ ಮಾತಾಗಿರತೈತಿ. ಅದಕ್ಕಿಂತ ಒಂದೂ ಹೆಚ್ಚಿಗೆ ತೆಗೀಬಾರದು, ಅದಕ್ಕ."

ಮಾಮಾ ನನ್ನ ಕಿವಿಗೆ ಬಾಗಿದರು. "ಕೇಳಿದೇನ? ಪುರಾವೆ ಅಳಸತಾಳ."

ಸುನಂದಾಳಿಗೆ ಅದು ಕೇಳಿಸಿತು. ರೋಲರು ಕೆಳಗಿಟ್ಟಳು. "ಕಾಕಾ, ನಿಮಗ ನನ್ನ ಮ್ಯಾಲ ಯಾಕಿಷ್ಟ ಸಂಶೇ ರೀ?"

ಆಗ ಮಾಮಾ ಹೇಳಿದ್ದನ್ನು ಅದುವರೆಗೆ ನಾನೂ ಪೂರ್ತಿಯಾಗಿ ಕೇಳಿರಲಿಲ್ಲ.

"ನನ್ನ ತಮ್ಮನ ಹೊಲಕ್ಕೂ ಹಿಂಗ ಒಬ್ಬಾಂವ ಬಂದಿದ್ದ. ಭಾಳ ಮರ್ಯಾದಸ್ಥ. ಕುಡ್ಯಾಕ ನೀರ ಕೇಳಿದ, ಕಾಲೇಜಿನ ಲ್ಯಾಬಿಗೆ ಅಂತ ಒಂದ ಕಲ್ಲು ಕೇಳಿದ. ತಮ್ಮ ತಾನ ಹೊತಗೊಂಡ ಹೋಗಿ ಗಾಡಿಗೆ ಇಟ್ಟ ಬಂದ. ಮುಂದ ಕಲ್ಲಿನ ಗಣಿಯವರು ಟೇಪ್ ಹಿಡಕೊಂಡ ಬಂದರು, ಅದರ ಮುಂದ ಮಷೀನ್ ಬಂತು. ಈಗ ಅಲ್ಲಿ ಹೊಲ ಇಲ್ಲ, ಗುಂಡಿ ಐತಿ. ಗುಂಡಿ ಸುತ್ತ ತಂತಿ ಬೇಲಿ, ಬೇಲಿಗೆ ಒಂದ ಗೇಟ್. ಆ ಗೇಟಿನ್ಯಾಗ ನನ್ನ ತಮ್ಮ ವಾಚ್‌ಮನ್ ಅದಾನ."

ಪಕ್ಕದ ಶೆಡ್ಡಿನ ಮಗ್ಗ ಬಡಿಯುತ್ತಲೇ ಇತ್ತು. ಅಕ್ಕ ನೆಲ ನೋಡುತ್ತಾ ನಿಂತಿದ್ದಳು.

"ನಿನ್ನ ಕೆಲಸ ಖರೆ ಇರಬಹುದು ತಂಗಿ," ಎಂದರು ಮಾಮಾ. "ನಮ್ಮ ಹೊಲದ ಕಲ್ಲು ಛಲೋ ಅಂತ ನೀ ನಾಕ ಮಂದಿಗೆ ಹೇಳತಿ. ಆ ನಾಕ ಮಂದಿ ಮತ್ತ ಯಾರಿಗಿ ಹೇಳತಾರೋ ನನಗ ಗೊತ್ತಿಲ್ಲ."

ಸುನಂದಾ ವಾದ ಮಾಡಲಿಲ್ಲ. ತನ್ನ ಬಳಿ ಇರುವ ಕಲ್ಲುಗಳು ಹಳೆಯ ಕಾಲದವು, ಪರದೇಶದಿಂದ ಬಂದವು, ತಿಕ್ಕಿ ತಿಕ್ಕಿ ತೆಳುವಾಗುತ್ತಿವೆ, ಹೊಸತು ಸಿಗುವುದು ಕಷ್ಟ ಎಂದು ಮಾತ್ರ ಹೇಳಿದಳು. "ಇಲ್ಲೀ ಕಲ್ಲು ಆದೀತೇನೋ ಅಂತ ಆಶಾ ಇತ್ರಿ. ನಾಲಿಗಿ ಹಚ್ಚಿ ಒದ್ದಿ ಮಾಡಿದರ ಕಲ್ಲಿನ ಕಣ ಎಷ್ಟ ಸಣ್ಣ ಅಂತ ಕಾಣತೈತಿ, ಅದಕ್ಕ ನೆಕ್ಕಿದ್ನಿ. ಒಮ್ಮೆ ನೋಡತೀನಿ. ಕಲ್ಲು ಬಿಟ್ಟ ಹೋಗ್ರಿ, ನಾಳಿಗೆ ಹೇಳತೀನಿ."

"ಬಿಟ್ಟ ಹೋಗೂದಿಲ್ಲ. ನನ್ನ ಮುಂದ ಮಾಡು."

ಹೀಗೆ ನಮ್ಮ ಭಾನುವಾರ ಆ ಶೆಡ್ಡಿನಲ್ಲೇ ಕಳೆಯಿತು. ಸುನಂದಾ ಮರಳಿನಂಥ ಪುಡಿ ಉದುರಿಸಿ, ನೀರು ಹಾಕಿ, ಕಲ್ಲಿಗೆ ಕಲ್ಲು ತಿಕ್ಕಿದಳು. ಮಾಮಾ ಸ್ಟೂಲು ಎಳೆದುಕೊಂಡು ಕಣ್ಣು ಮಿಟುಕಿಸದೆ ಕಾವಲು ಕೂತರು. ಕಲ್ಲು ನುಣುಪಾದ ಮೇಲೆ ಆಕೆ ಕಡ್ಡಿಯನ್ನು ಅಕ್ಕನ ಕೈಗೆ ಕೊಟ್ಟಳು.

"ನಾನಾ? ನನಗೇನ ಬರತೈತಿ?" ಎನ್ನುತ್ತಲೇ ಅಕ್ಕ ತನ್ನ ಎಮ್ಮೆ ಬರೆದಳು. ಕೆಳಗೆ ಹೆಸರನ್ನೂ ಬರೆದಳು. ಸುನಂದಾ ಅದಕ್ಕೆ ಗೋಂದು, ಆ್ಯಸಿಡ್ಡು ಹಚ್ಚಿ ಆರಲು ಬಿಟ್ಟಳು. ಪ್ರೆಸ್ಸಿಗೆ ಹಾಕಿದರೆ ಕಲ್ಲು ಒಡೆದೀತು ಎಂದು, ಸಂಜೆಯ ಹೊತ್ತಿಗೆ ಮಸಿ ಹಚ್ಚಿ, ಕಾಗದದ ಮೇಲೆ ಚಮಚದ ಬೆನ್ನಿನಿಂದ ಉಜ್ಜಿ ಪ್ರಿಂಟ್ ತೆಗೆದಳು.

ಎಮ್ಮೆ ಬಂತು. ಎಡಕ್ಕೆ ನೋಡುತ್ತಿದ್ದದ್ದು ಬಲಕ್ಕೆ ನೋಡುತ್ತಿತ್ತು. ಅಕ್ಕನ ಹೆಸರು ಉಲ್ಟಾ ಆಗಿ ಯಾವುದೋ ಬೇರೆ ಭಾಷೆಯಂತೆ ಕಾಣುತ್ತಿತ್ತು. ಕೋಡಿನ ಗೆರೆ, ಬಾಲದ ಕೂದಲು ಎಲ್ಲ ಸ್ಪಷ್ಟ. ನನ್ನ ಕಣ್ಣಿಗಂತೂ ಜಾಲಿ ಮರದ ಚಿತ್ರಕ್ಕೂ ಇದಕ್ಕೂ ಫರಕು ಕಾಣಲಿಲ್ಲ.

ಸುನಂದಾ ಕಾಗದವನ್ನು ಬಾಗಿಲ ಬೆಳಕಿಗೆ ಒಯ್ದು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ಒಮ್ಮೆ ಅವಳ ಮುಖ ಅರಳಿತು. ಅದನ್ನು ನಾನು ನೋಡಿದೆ.

"ಹೆಂಗೈತಿ?" ಎಂದರು ಮಾಮಾ. ಸ್ಟೂಲಿನಿಂದ ಎದ್ದು ನಿಂತಿದ್ದರು. ಕೈಯಲ್ಲಿದ್ದ ಖಾಲಿ ಚೀಲವನ್ನು ಹಿಂಡುತ್ತಿದ್ದರು.

ಸುನಂದಾ ಆ ಕೈಗಳನ್ನು ನೋಡಿದಳು. ಕಾಗದ ಮಡಚಿದಳು.

"ಬರೂದಿಲ್ರಿ ಕಾಕಾ. ನಾಕ ಪ್ರಿಂಟ್ ತೆಗಿಯೂದ್ರಾಗ ಮಸಿ ಎಲ್ಲಾ ಕಡೆ ಹಿಡದ ಬಿಡತೈತಿ. ನಿಮ್ಮ ಹೊಲದ ಕಲ್ಲು ನನಗ ಉಪಯೋಗಿಲ್ಲ. ಒಯ್ದು ಬಿಡ್ರಿ."

ಮಾಮಾಗೆ ಖುಷಿಯಾಗಬೇಕಿತ್ತಲ್ಲವೆ? ಆಗಲಿಲ್ಲ. ಮುಖ ಸಣ್ಣದಾಯಿತು. "ಯಾಕ ಬರೂದಿಲ್ಲ? ಇನ್ನೊಮ್ಮೆ ನೋಡಬೇಕಿಲ್ಲ?" ಎಂದರು. ಸುನಂದಾ ಆಗಲೇ ಕೈ ತೊಳೆಯಲು ಹೋಗಿದ್ದಳು.

ನನ್ನನ್ನು ಮನೆಗೆ ಬಿಡಲು ಜಮಖಂಡಿಯ ದಾರಿ ಹಿಡಿದೆವು. ಅರ್ಧ ದಾರಿಯಲ್ಲಿ ಮಾಮಾ ಬಾಯಿ ಬಿಟ್ಟರು. "ಆಕಿ ಸುಳ್ಳ ಹೇಳಿದಳು ಅನಸತೈತಿ ನನಗ."

"ಹಂಗಾರ ಗಾಡಿ ತಿರುಗಸ್ರಿ," ಎಂದಳು ಅಕ್ಕ. "ಕಲ್ಲು ಕೊಟ್ಟು ಬರೂಣು."

ಮಾಮಾ ತಿರುಗಿಸಲಿಲ್ಲ. ಗಾಡಿಯ ವೇಗ ಸ್ವಲ್ಪ ಹೆಚ್ಚಾಯಿತು, ಅಷ್ಟೇ.

ಮನೆ ಮುಟ್ಟಿದ ಮೇಲೂ ನನಗೆ ಸಮಾಧಾನವಾಗಲಿಲ್ಲ. ಇಡೀ ದಿನ ಆಕೆ ಹೇಳಿದ ನಿಜವನ್ನೆಲ್ಲ ನಾವು ಅನುಮಾನಿಸಿದ್ದೆವು. ಕಡೆಗೆ ಆಕೆ ಹೇಳಿದ ಒಂದು ಮಾತನ್ನು ಹಿಡಿದುಕೊಂಡು ಮನೆಗೆ ಬಂದಿದ್ದೆವು. ಅದೇ ಸುಳ್ಳಾಗಿದ್ದರೆ? ಒಂದು ಕಲ್ಲಿಗಾಗಿ ಬಿಸಿಲಲ್ಲಿ ಹೊಲ ಹೊಲ ಅಲೆದವಳಿಗೆ, ಸಿಕ್ಕಿದ ಕಲ್ಲನ್ನು ಬೇಡ ಎನ್ನಲು ಎಷ್ಟು ಹಿಂಸೆಯಾಗಿರಬೇಡ? ಅಥವಾ ಇದೂ ನನ್ನ ಅನುಮಾನದ ಇನ್ನೊಂದು ಮುಖವೋ?

ಮರುದಿನ ಫೋನ್ ಮಾಡಿದೆ. "ಸುನಂದಾ, ಖರೆ ಹೇಳ್ರಿ. ಕಲ್ಲು ಹೆಂಗಿತ್ತು?"

ಆಕೆ ಉತ್ತರದ ಬದಲು ತಾನೇ ಕೇಳಿದಳು. "ಮೇಡಂ, ನೀವು ಪೇಪರಿನ್ಯಾಗ ಬರೀತೀರಂತ ಹೌದೇನ್ರಿ?"

"ಹೌದು."

"ಹಂಗಾರ ಬರೂದಿಲ್ಲಂತ ಬರೀರಿ."

ಬರೆದಿದ್ದೇನೆ. ಲೋಕಾಪುರದ ಕಡೆಯ ಕಲ್ಲು ಪ್ರಿಂಟಿಗೆ ಬರುವುದಿಲ್ಲ. ಇದೊಂದನ್ನಾದರೂ ಅನುಮಾನಿಸದೆ ನಂಬಲು ನಿಮ್ಮಿಂದ ಆದೀತೆ?